ಅಂಗುಳದ ದಿಬ್ಬ

ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಬಾಡಿಗೆ ಕೋಣೆ ಬದಲಾಯಿಸಿದವಳನ್ನು ಕಾಲಿಗೆ ಚಕ್ರ ಕಟ್ಟಿಕೊಂಡವಳು ಎನ್ನದೆ ಇನ್ನೇನೆನ್ನಬೇಕು? ಅವಳ ಅಮ್ಮ ಅನ್ನುತ್ತಿದ್ದುದೂ ಅದನ್ನೇ. ಅವಳನ್ನು ಕೇಳಿದರೆ ಮಾತ್ರ, ಆ ಚಕ್ರ ಕಟ್ಟಿದವರು ಮನೆ ಮಾಲೀಕರು ಎನ್ನುತ್ತಿದ್ದಳು. ಫೋನಿನಲ್ಲಿ ಅಪ್ಪನ ಮನೆತನದ ಹೆಸರು ಕೇಳಿ "ಬನ್ನಿ ಬನ್ನಿ, ನಮ್ಮವರೇ ಆದ್ರಲ್ಲ" ಎಂದವರು, ಬಾಗಿಲು ತೆಗೆದು ಮುಖ ನೋಡಿದ ಕೂಡಲೇ ಆ ಕೋಣೆಗೆ ತಮ್ಮ ಅಳಿಯನೋ ಸೋದರಳಿಯನೋ ಬರುವವನಿದ್ದಾನೆಂದು ನೆನಪು ಮಾಡಿಕೊಳ್ಳುತ್ತಿದ್ದರು. ಒಂದೊಂದು ಬೀದಿಯಲ್ಲಿ ಅಷ್ಟೊಂದು ಅಳಿಯಂದಿರು ಎಲ್ಲಿ ಅಡಗಿದ್ದರೋ ದೇವರೇ ಬಲ್ಲ. ಮುಖ ನೋಡಿಯೇ ಕೋಣೆ ಕೊಟ್ಟವರೂ ಇದ್ದರು. ಅವರು ಅಮ್ಮನ ಕಡೆಯ ಜನ. ಮನೆತನದ ಹೆಸರು ಅವರ ಕಿವಿಗೆ ಬೀಳಲು ಒಂದು ತಿಂಗಳು ಹಿಡಿಯುತ್ತಿತ್ತು. ಬಿದ್ದ ಮೇಲೆ ಮೆಟ್ಟಿಲಲ್ಲಿ ಎದುರಾದಾಗ ಮಾತು ಕಡಿಮೆಯಾಗುತ್ತಿತ್ತು, ನಲ್ಲಿಯ ನೀರು ಅದಕ್ಕಿಂತ ಕಡಿಮೆಯಾಗುತ್ತಿತ್ತು.

ಕೆಲಸ, ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರುಗಳು ಅಳತೆ ತೆಗೆದು ಕಳಿಸುತ್ತಾರೆ, ಲ್ಯಾಬಿನಲ್ಲಿ ಕೂತವರು ಹಲ್ಲು ಜೋಡಿಸಿ ಕೊಡುತ್ತಾರೆ. ಹಾಗಾಗಿ ಹೋದಲ್ಲೆಲ್ಲ ಅವಳಿಗೆ 'ಹಲ್ಲಿನವಳು' ಎಂದೇ ಹೆಸರು ಬಿತ್ತು. ಶಾಲೆಯಲ್ಲಿ ಇದ್ದ ಹೆಸರು 'ಬೆರಕೆ'. ಅದಕ್ಕೆ ಹೋಲಿಸಿದರೆ ಇದು ಪಟ್ಟಾಭಿಷೇಕವೇ ಸರಿ.

ಅವಳು ಹುಟ್ಟಿದ ಊರಿನಲ್ಲಿ, ಸುತ್ತಲಿನ ಊರುಗಳಲ್ಲಿದ್ದ ಹಾಗೆಯೇ, ಎರಡು ಬಗೆಯ ಜನ. ಮೇಲುಬೀದಿಯವರು ತಾವು ಮೊದಲಿನಿಂದ ಇದ್ದವರು ಎನ್ನುತ್ತಾರೆ. ಬಿಳಿಚಿದ ಮೈಬಣ್ಣ, ಕಡ್ಡಿಯಂಥ ನೇರ ಕೂದಲು. ಬಂದರಿನವರ ಮುತ್ತಾತಂದಿರು ಹಡಗಿನ ಮೂಟೆ ಹೊರಲು ಸಮುದ್ರದಾಚೆಯಿಂದ ಬಂದವರು. ಕಪ್ಪು ಬಣ್ಣ, ಗುಂಗುರು ಕೂದಲು, ತುಂಬಿದ ತುಟಿ. ಬಂದು ನೂರೈವತ್ತು ವರ್ಷವಾದರೂ ಅವರನ್ನು 'ಬಂದವರು' ಎಂದು ಕರೆಯುವುದು ನಿಂತಿಲ್ಲ. ಅಪ್ಪ ಮೇಲುಬೀದಿಯ ಮೂಲೆಮನೆಯವನು, ಬಂದರಿನಲ್ಲಿ ತೂಕದ ಗುಮಾಸ್ತ. ಅಮ್ಮ ಅದೇ ಬಂದರಿನಲ್ಲಿ ಸರಕಿಗೆ ಹೊದಿಸುವ ತಾಡಪಾಲು ಹೊಲಿಯುವವಳು. ಇಬ್ಬರೂ ಮದುವೆಯಾದರು. ಮೂಲೆಮನೆಯ ಬಾಗಿಲು ಅಪ್ಪನಿಗೆ ಮುಚ್ಚಿತು.

ಮಗು ಹುಟ್ಟಿತಲ್ಲ, ಅಪ್ಪನ ಒಂದು ಗೆರೆಯೂ ಅದರ ಮೇಲಿರಲಿಲ್ಲ. ಅಮ್ಮನನ್ನೇ ಚಿಕ್ಕದು ಮಾಡಿ ಇಟ್ಟ ಹಾಗಿತ್ತು. ಹುಟ್ಟಿದ ವಾರಕ್ಕೆ ಅಪ್ಪನ ತಾಯಿ ಬಂದು, ತೊಟ್ಟಿಲೊಳಗೆ ಬಗ್ಗಿ ಬಹಳ ಹೊತ್ತು ನೋಡಿ, "ಇದರಲ್ಲಿ ನನ್ನ ಮಗನದು ಏನಿದೆ?" ಎಂದು ಕೇಳಿ ಹೊರಟುಹೋದಳು. ಕೇಳಿದ್ದು ಒಂದೇ ಮಾತು. ಆದರೆ ನಾಲಿಗೆಗೆ ಎಲುಬಿಲ್ಲ, ಮೇಲುಬೀದಿಯ ನಾಲಿಗೆಗಂತೂ ಹಂಗೂ ಇಲ್ಲ. ಆ ಮಾತು ಬೀದಿ ದಾಟುವಷ್ಟರಲ್ಲಿ ಪ್ರಶ್ನೆ ಹೋಗಿ ತೀರ್ಪಾಗಿತ್ತು. ಆ ಹುಡುಗಿ ಅವನದಲ್ಲವಂತೆ, ಅವನನ್ನು ಹೆತ್ತ ತಾಯಿಯೇ ಹೇಳಿದಳಂತೆ.

ಅಪ್ಪ ಇದನ್ನೆಲ್ಲ ನಗೆಯಲ್ಲಿ ಹಾರಿಸಿಬಿಡುತ್ತಿದ್ದ. ಕೈ ಹಿಡಿದು ಪೇಟೆಗೆ ಹೋದಾಗ ಯಾರಾದರೂ "ಯಾರ ಮಗು ಸಾರ್ ಇದು?" ಎಂದರೆ, "ನಂದೇ. ಬಿಸಿಲಲ್ಲಿ ಆಡೋಕೆ ಬಿಟ್ಟಿದ್ವಿ, ಕರೆಯೋದು ಮರೆತೋಯ್ತು" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಆದರೆ ಆ ಹೊತ್ತಿನಲ್ಲಿ ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿರುತ್ತಿದ್ದ. ಅವಳಿಗೆ ಹನ್ನೊಂದಾದಾಗ ಅಪ್ಪ ತೂಕದ ಕಟ್ಟೆಯ ಮೇಲೆ ಕುಸಿದು ಸತ್ತ. ಹೆಣ ನೋಡಲು ಬಂದ ಅಜ್ಜಿ, ಬಾಗಿಲಲ್ಲಿ ನಿಂತಿದ್ದ ಅವಳನ್ನು ಚಪ್ಪಲಿಯ ಹಾಗೆ ದಾಟಿಕೊಂಡು ಒಳಗೆ ಹೋದಳು.

ಅನುಮಾನ ಬಂದದ್ದು ಹದಿನೈದರಲ್ಲಿ. ತರಗತಿಯ ಹುಡುಗಿಯೊಬ್ಬಳು, ಜಗಳವೂ ಅಲ್ಲ ಏನೂ ಅಲ್ಲ, ಕೂದಲು ಬಾಚಿಕೊಳ್ಳುತ್ತ ಸಹಜವಾಗಿ ಹೇಳಿದಳು, "ಬೆಂಕಿ ಇಲ್ಲದೆ ಹೊಗೆ ಆಡುತ್ತಾ?" ಅಲ್ಲಿಯವರೆಗೆ ಜನರ ಮಾತು ಜನರದಾಗಿತ್ತು. ಅಂದಿನಿಂದ ಅವಳದೂ ಆಯಿತು. ಅಪ್ಪನ ಎರಡು ಫೋಟೋಗಳನ್ನು ಹಿಡಿದು ಕನ್ನಡಿಯ ಮುಂದೆ ಕೂರತೊಡಗಿದಳು. ಕಿವಿಯ ಹಾಲೆ, ಹುಬ್ಬಿನ ತುದಿ, ಹೆಬ್ಬೆರಳಿನ ಉಗುರು. ಏನೂ ಸಿಗಲಿಲ್ಲ. ಅಮ್ಮನನ್ನು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಹೇಗೆ ಕೇಳುತ್ತೀರಿ? ತಾಡಪಾಲು ಹೊಲಿದು ಹೊಲಿದು ಬೆರಳು ಬಿರಿದ ತಾಯಿಯ ಎದುರು ನಿಂತು, ನನ್ನ ಅಪ್ಪ ಯಾರು ಎನ್ನುವುದೆಂದರೆ ಮೂಲೆಮನೆಯ ಜಗಲಿಯ ಮೇಲೆ ಹೋಗಿ ಕೂತಂತೆಯೇ. ಅವಳು ಕೇಳಲಿಲ್ಲ. ಕೇಳದೆ ಇರುವುದಕ್ಕೆ ಒಂದೇ ದಾರಿ ಮನೆಯಲ್ಲಿ ಇರದಿರುವುದು ಎಂದು ಕಂಡುಕೊಂಡಳು.

ಇಪ್ಪತ್ತೊಂದಕ್ಕೆ ಬೇರೆ ಊರಿಗೆ ಹೋಗಿ ಹಲ್ಲಿನ ಕೆಲಸ ಕಲಿತಳು. ಆ ಕಸುಬಿನಲ್ಲಿ ಒಂದು ರೂಢಿ ಉಂಟು. ಮೊದಲ ವಾರ ಕಲಿಯಲು ಬಂದವರು, ಮೆತ್ತನೆಯ ಮಿಶ್ರಣ ತುಂಬಿದ ಟ್ರೇ ಒತ್ತಿ, ಒಬ್ಬರ ಬಾಯಿಯ ಅಳತೆ ಇನ್ನೊಬ್ಬರು ತೆಗೆಯಬೇಕು. ಅದಕ್ಕೆ ಪ್ಲಾಸ್ಟರ್ ಹುಯ್ದು ತಂತಮ್ಮ ಬಾಯಿಯ ಅಚ್ಚು ತಾವೇ ಮಾಡಿಕೊಳ್ಳಬೇಕು. ಪರರ ಬಾಯಿಗೆ ಕೈ ಹಾಕುವ ಮೊದಲು ನಿಮ್ಮ ಬಾಯಿ ನೋಡಿಕೊಳ್ಳಿ ಎಂದು ಮೇಷ್ಟ್ರು ನಗುತ್ತಿದ್ದರು. ಅವಳ ಅಚ್ಚಿನಲ್ಲಿ, ಮೇಲಿನ ಅಂಗುಳದ ನಡುವೆ, ಉದ್ದಕ್ಕೆ ಒಂದು ಮೂಳೆಯ ದಿಬ್ಬ. ಮುಂದೆ ಸಣ್ಣದಾಗಿ ಶುರುವಾಗಿ, ನಡುವೆ ದಪ್ಪವಾಗಿ, ಹಿಂದಕ್ಕೆ ಎರಡು ಕವಲು. ಎಡಗವಲು ಉದ್ದ. ಹುಟ್ಟಿನಿಂದ ನಾಲಿಗೆ ತಾಗುತ್ತಿದ್ದರೂ ಎಲ್ಲರಿಗೂ ಹೀಗೇ ಇರುತ್ತದೆ ಎಂದುಕೊಂಡಿದ್ದಳು. ಮೇಷ್ಟ್ರು ಅಚ್ಚನ್ನು ಕೈಯಲ್ಲಿ ತಿರುಗಿಸಿ, "ಇದು ಮನೆತನದ ಸ್ವತ್ತು ಕಣಮ್ಮ. ಅಪ್ಪಂದೋ ಅಮ್ಮಂದೋ ನೋಡ್ಕೋ" ಎಂದರು.

ರಜೆಯಲ್ಲಿ ಮನೆಗೆ ಬಂದವಳೇ, ದವಡೆ ಹಲ್ಲು ಹುಳುಕಾಗಿದೆಯೇ ನೋಡುತ್ತೇನೆ ಎಂಬ ನೆಪ ಹೂಡಿ ಅಮ್ಮನ ಬಾಯಿಗೆ ಟಾರ್ಚು ಬಿಟ್ಟಳು. ಅಮ್ಮನ ಅಂಗುಳ ಬೋಗುಣಿಯ ಒಳಮೈಯಂತೆ ನುಣ್ಣಗಿತ್ತು. ಹಾಗಾದರೆ ದಿಬ್ಬ ಅಪ್ಪನ ಕಡೆಯಿಂದ ಬಂದದ್ದು. ಆ ಅಪ್ಪ ಯಾರೇ ಆಗಿರಲಿ.

ಅಂದಿನಿಂದ ಅವಳ ನಾಲಿಗೆಗೆ ಬಿಡುವಿಲ್ಲ. ಬಸ್ಸಿಗೆ ಕಾಯುವಾಗ, ಮೇಣ ಕರಗಿಸುವಾಗ, ಯಾರಾದರೂ "ನೀವು ಯಾವ ಕಡೆಯವರು?" ಎಂದು ಕೇಳಿದಾಗ, ನಾಲಿಗೆ ಸೀದಾ ಮೇಲಕ್ಕೆ ಹೋಗಿ ದಿಬ್ಬವನ್ನು ತಡವುತ್ತಿತ್ತು. ಊರೂರು ಸುತ್ತಿದಳು. ಕೆಲಸ ಚೆನ್ನಾಗಿತ್ತು, ಎಲ್ಲಿ ಹೋದರೂ ಸಿಗುತ್ತಿತ್ತು. ಒಂದು ಲ್ಯಾಬಿನ ಯಜಮಾನ, "ನಿಮ್ಮಂಥವರು ಚೆನ್ನಾಗಿರ್ತೀರಿ ಬಿಡಿ, ಎರಡೂ ಕಡೆ ಸಲ್ತೀರಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಾರನೆಯ ವಾರ ಆ ಕೆಲಸ ಬಿಟ್ಟಳು. ಇನ್ನೊಂದು ಕಡೆ ಜೊತೆಗಾತಿಯೊಬ್ಬಳು ಅವಳ ಕೂದಲನ್ನು ಕೇಳದೆಯೇ ಮುಟ್ಟಿ, "ಇದು ಒರಿಜಿನಲ್ಲಾ?" ಎಂದಳು. ಅದನ್ನೂ ಬಿಟ್ಟಳು. ಮದುವೆಯ ಮಾತು ಒಂದೆರಡು ಸಲ ಬಂದು, ಹುಡುಗನ ಮನೆಯವರು ಅಪ್ಪನ ಕಡೆಯವರನ್ನು ನೋಡಬೇಕೆಂದಾಗ ನಿಂತಿತು. ಟ್ರಂಕಿನ ತಳದಲ್ಲಿ, ಹಳೆಯ ರವಿಕೆಯಲ್ಲಿ ಸುತ್ತಿದ ಆ ಪ್ಲಾಸ್ಟರ್ ಅಚ್ಚು ಮಾತ್ರ ಹನ್ನೊಂದು ಕೋಣೆಗಳನ್ನೂ ಅವಳ ಜೊತೆ ಸುತ್ತಿತು.

ಮೂವತ್ತೈದು ತುಂಬಿದ ವರ್ಷ ಅಮ್ಮನ ಕಣ್ಣು ಮಂಜಾಗತೊಡಗಿತು. ಊರಿಗೆ ವಾಪಸಾದಳು. ಆದರೂ ಅಮ್ಮನ ಮನೆಯಲ್ಲಿ ಉಳಿಯಲಿಲ್ಲ. ಲ್ಯಾಬಿನ ವಾಸನೆ ನಿನಗೆ ಆಗುವುದಿಲ್ಲ ಎಂದು ಹೇಳಿ ಎರಡು ಓಣಿ ಆಚೆ ಕೋಣೆ ಹಿಡಿದಳು. ಬೆಳಿಗ್ಗೆ ಬಂದು ಅಮ್ಮನ ಕಣ್ಣಿಗೆ ಹನಿ ಹಾಕಿ, ಕುರ್ಚಿಯ ತುದಿಯಲ್ಲಿ ಕೂತು ಅರ್ಧ ಲೋಟ ಕಾಫಿ ಕುಡಿದು, ಎದ್ದುಬಿಡುತ್ತಿದ್ದಳು. "ಬೆಂಕಿ ತಗೊಂಡು ಹೋಗೋಕೆ ಬಂದವಳ ಹಾಗೆ ಬರ್ತೀಯ" ಎನ್ನುತ್ತಿದ್ದಳು ಅಮ್ಮ.

ಊರಿಗೆಲ್ಲ ಇರುವುದು ಒಂದೇ ಲ್ಯಾಬು. ಮೂರು ಜನ. ಯಜಮಾನರು, ಇವಳು, ಮತ್ತು ಮುಗಿದ ಸೆಟ್ಟುಗಳಿಗೆ ಹೊಳಪು ಕೊಡುವ ಪಾಲಿಶ್ ಅಣ್ಣ. ಪಾಲಿಶ್ ಅಣ್ಣನ ಸ್ವಂತ ಬಾಯಲ್ಲಿ ನಾಲ್ಕು ಹಲ್ಲು ಕಡಿಮೆ, ಮಾತು ಮಾತ್ರ ನಾಲ್ಕು ಹೆಚ್ಚು. ಒಂದು ಬೆಳಿಗ್ಗೆ ಊರಿನ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಹೊಸ ಅಳತೆಯೊಂದು ಬಂತು. ಜೊತೆಯ ಚೀಟಿಯಲ್ಲಿ ಹೀಗಿತ್ತು: ಹೆಂಗಸು, ಎಂಬತ್ತನಾಲ್ಕು ವರ್ಷ, ಮೇಲುಬೀದಿ, ಮೂಲೆಮನೆ. ಬೇರೆ ಊರಿನಲ್ಲಿ ಮಾಡಿಸಿದ ಮೂರು ಸೆಟ್ಟು ಕೂತಿಲ್ಲ, ಅಲ್ಲಾಡುತ್ತವೆ, ಬಾಯಿ ಹುಣ್ಣಾಗುತ್ತದೆ. ಕೆಳಗೆ ಡಾಕ್ಟರಮ್ಮ ಪೆನ್ಸಿಲಿನಲ್ಲಿ ಸೇರಿಸಿದ್ದರು: ಬೈತಾರೆ, ಹುಷಾರಾಗಿ ಮಾಡಿ.

ಅವಳು ಚೀಟಿಯನ್ನು ಎರಡು ಸಲ ಓದಿದಳು. ಪ್ಲಾಸ್ಟರ್ ಕಲಸಿದಳು, ಹುಯ್ದಳು. ಗಟ್ಟಿಯಾಗುವಾಗ ಪ್ಲಾಸ್ಟರ್ ಬೆಚ್ಚಗಾಗುತ್ತದೆ. ಆ ಬಿಸಿ ಆರುವ ತನಕ ಕಾಯಬೇಕು. ಕಾಯಲಾಗಲಿಲ್ಲ. ಕಿಟಕಿಯವರೆಗೆ ಹೋದಳು, ಬಂದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಪಾಲಿಶ್ ಅಣ್ಣ, "ಇರುವೆ ಬಿಟ್ಕೊಂಡಿದ್ದೀಯೇನಮ್ಮ ಮೈಮೇಲೆ?" ಎಂದ. ಇನ್ನೂ ಬೆಚ್ಚಗಿರುವಾಗಲೇ ಟ್ರೇಯನ್ನು ಬಿಡಿಸಿದಳು.

ಹಲ್ಲಿಲ್ಲದ ಬೋಳು ವಸಡು. ಅದರ ನಡುವೆ ದಿಬ್ಬ. ಮುಂದೆ ಸಣ್ಣದು, ನಡುವೆ ದಪ್ಪ, ಹಿಂದೆ ಎರಡು ಕವಲು. ಎಡಗವಲು ಉದ್ದ.

ಮಧ್ಯಾಹ್ನದ ಊಟಕ್ಕೆ ಕೋಣೆಗೆ ಹೋದವಳು ಊಟ ಮಾಡದೆ ರವಿಕೆಯ ಗಂಟನ್ನು ತಂದಳು. ತನ್ನ ಅಚ್ಚಿನಲ್ಲಿ ಹಲ್ಲಿದೆ, ಅಜ್ಜಿಯದರಲ್ಲಿ ಇಲ್ಲ. ಕಣ್ಣು ಹಲ್ಲಿನ ಕಡೆಗೇ ಹೋಗಿ ಹೋಲಿಕೆ ದಕ್ಕುವುದಿಲ್ಲ. ಉಜ್ಜುವ ಯಂತ್ರ ಹಾಕಿ, ಇಪ್ಪತ್ತೊಂದನೇ ವಯಸ್ಸಿನ ತನ್ನ ಪ್ಲಾಸ್ಟರ್ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿ ತೆಗೆದಳು. ಬಿಳಿ ಪುಡಿ ಹಾರಿ ಹುಬ್ಬಿನ ಮೇಲೆ ಕೂತಿತು.

"ಎಲ್ಲರಿಗೂ ಹಲ್ಲು ಕಟ್ಟೋಳು ಇದ್ಯಾರದು ಉದುರಿಸ್ತಿದ್ದೀಯ?" ಪಾಲಿಶ್ ಅಣ್ಣ ಕೇಳಿದ.

"ನಂದೇ."

"ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಕೇಳಿದ್ದೆ. ಹಲ್ಲಿದ್ದೂ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು."

ಎರಡನ್ನೂ ಪಕ್ಕ ಪಕ್ಕ ಇಟ್ಟಳು. ಮುಖ ಕಳಚಿಹೋಗಿತ್ತು, ಬಣ್ಣ ಕಳಚಿಹೋಗಿತ್ತು, ಕೂದಲು ಇರಲೇ ಇಲ್ಲ. ಎರಡು ಬಿಳಿ ಅಂಗುಳಗಳು, ಒಂದರ ಪಕ್ಕ ಒಂದು. ಕೂಗಿ ಹೇಳಬೇಕೆನಿಸಿತು. ಯಾರಿಗೆ ಹೇಳುವುದು? ಪಾಲಿಶ್ ಅಣ್ಣನಿಗೆ ಹೇಳಿದರೆ ಸಂಜೆಯೊಳಗೆ ಊರಿಗೆ ಡಂಗುರ.

ಡಾಕ್ಟರಮ್ಮನ ಹತ್ತಿರ ಹೋದಳು. ಯಾರದೆಂದು ಹೇಳದೆ ಎರಡನ್ನೂ ಮುಂದಿಟ್ಟು, "ಇವು ಒಂದೇ ಮನೆಯವರದಾ ಮೇಡಂ?" ಎಂದಳು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು.

"ಇರಬಹುದು. ಇಲ್ಲದೇನೂ ಇರಬಹುದು. ನೂರು ಜನರ ಬಾಯಿ ನೋಡಿದ್ರೆ ಇಪ್ಪತ್ತು ಜನಕ್ಕೆ ಇಂಥ ದಿಬ್ಬ ಇರುತ್ತೆ."

"ಕವಲು ನೋಡಿ. ಎರಡಕ್ಕೂ ಎಡಗಡೆದೇ ಉದ್ದ."

"ನೋಡ್ತಾ ಇದ್ದೀನಿ. ಹೋಲುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇದನ್ನ ಹಿಡ್ಕೊಂಡು ಇವರು ಇವರಿಗೆ ಏನಾಗಬೇಕು ಅಂತ ನಾನು ಬರೆದುಕೊಡೋಕಾಗಲ್ಲ." ಸ್ವಲ್ಪ ತಡೆದು, "ಒಂದು ನಿಮ್ಮದಾ?" ಎಂದರು.

ಅವಳು ಅಚ್ಚುಗಳನ್ನು ಎತ್ತಿಕೊಂಡು ಹೊರಟಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವಳ ಪಾಲಿಗೆ ಬಾಯಲ್ಲೇ ಇದ್ದದ್ದು ಕೈಗೆ ದಕ್ಕಲಿಲ್ಲ. ನೂರಕ್ಕೆ ಇಪ್ಪತ್ತು. ವಾಪಸು ಬರುವಾಗ ದಾರಿಯಲ್ಲಿ ಸಿಕ್ಕವರ ಬಾಯಿಗಳನ್ನೆಲ್ಲ ಮನಸ್ಸಿನಲ್ಲೇ ತೆರೆದು ನೋಡುತ್ತಿದ್ದಳು. ಈ ತರಕಾರಿಯವನಿಗೆ ಇದ್ದೀತು, ಆ ಕಂಡಕ್ಟರಿಗೆ ಇದ್ದೀತು. ಸಿಟ್ಟು ಬಂತು. ಮನೆಮನೆಯ ಬಾಯಿ ನೋಡುತ್ತ ಹೋಗುವ ಈ ಗತಿ ತನಗೆ ತಂದಿಟ್ಟ ಮುದುಕಿಯ ಮೇಲೆ ಬಂತು.

ಸಿಟ್ಟು ಬಂದರೂ ಕೆಲಸ ಕೆಡಿಸುವ ಜಾತಿಯವಳಲ್ಲ ಅವಳು. ಹಿಂದಿನ ಮೂರು ಸೆಟ್ಟು ಯಾಕೆ ಕೂರಲಿಲ್ಲ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ದಿಬ್ಬದ ಮೇಲೆ ಸೆಟ್ಟಿನ ತಗಡು ಕೂತರೆ ಕಲ್ಲಿನ ಮೇಲೆ ಹಲಗೆ ಇಟ್ಟ ಹಾಗೆ, ಅತ್ತ ಒತ್ತಿದರೆ ಇತ್ತ ಏಳುತ್ತದೆ. ಅಚ್ಚಿನಲ್ಲಿ ಆ ಜಾಗಕ್ಕೆ ತೆಳ್ಳನೆಯ ಹಾಳೆ ಅಂಟಿಸಿ ಸೆಟ್ಟಿನೊಳಗೆ ಸಂದು ಬಿಡಬೇಕು. ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು ಎನ್ನುವುದು ಪುಸ್ತಕದಲ್ಲಿ ಇಲ್ಲ. ಅವಳು ಕಣ್ಣು ಮುಚ್ಚಿ ತನ್ನ ದಿಬ್ಬದ ಮೇಲೆ ನಾಲಿಗೆ ಆಡಿಸುತ್ತ, ಕವಲು ಒಡೆಯುವಲ್ಲಿ ಒಂದು ಪದರ ಹೆಚ್ಚು, ಎಡಗವಲಿನ ತುದಿಯಲ್ಲಿ ಇನ್ನೊಂದು ಚೂರು, ಹೀಗೆ ಅಂಟಿಸುತ್ತ ಹೋದಳು. ಬಿಸಿ ತಾಗಿದರೆ ಮೊದಲು ಸುಲಿಯುವ ಜಾಗ ಅದೇ ಎಂದು ಅವಳ ಬಾಯಿಗೆ ಗೊತ್ತಿತ್ತು. ನಾಲ್ಕು ದಿನದ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಕೂರಿಸುವ ದಿನ ನಾನೂ ಇರುತ್ತೇನೆ, ಉಜ್ಜುವುದಿದ್ದರೆ ಅಲ್ಲೇ ಉಜ್ಜಿ ಕೊಡುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿದಳು. ಎರಡು ಅಚ್ಚುಗಳನ್ನೂ ಚೀಲಕ್ಕೆ ಹಾಕಿಕೊಂಡಳು.

ಅಜ್ಜಿ ತುಂಬ ಸಣ್ಣಗಾಗಿದ್ದಳು. ಇಪ್ಪತ್ನಾಲ್ಕು ವರ್ಷದ ಹಿಂದೆ ತನ್ನನ್ನು ದಾಟಿ ಹೋದವಳು ಇಷ್ಟು ಗಿಡ್ಡಗೆ ಇದ್ದಳೇ ಎಂದು ಅವಳಿಗೆ ಅನುಮಾನವಾಯಿತು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ಅಪ್ಪನ ತಂಗಿ, ಅತ್ತೆ, ಮಡಿಲಲ್ಲಿ ಕೈಚೀಲ ಹಿಡಿದು ಕೂತಿದ್ದಳು. ಕೂದಲು ಪೂರ್ತಿ ನರೆತಿತ್ತು, ಅದೇ ಕಡ್ಡಿಯಂಥ ಕೂದಲು.

"ಇವಳ್ಯಾರು?" ಅಜ್ಜಿ ಬೋಳುಬಾಯಲ್ಲಿ ಕೇಳಿದಳು.

"ನಿಮ್ಮ ಸೆಟ್ಟು ಮಾಡಿದವರು," ಎಂದರು ಡಾಕ್ಟರಮ್ಮ.

ಅಜ್ಜಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಡಿ ಕಣ್ಣು ಬೇರೆ ಕಡೆ ಹೊರಳಿಸಿ ಬಾಯಿ ತೆರೆದಳು. ಸೆಟ್ಟು ಒಳಗೆ ಹೋಯಿತು. ಡಾಕ್ಟರಮ್ಮ ಬೆರಳಿಟ್ಟು ಒತ್ತಿದರು, ಎಡಕ್ಕೆ ಒತ್ತಿದರು, ಬಲಕ್ಕೆ ಒತ್ತಿದರು. ಕದಲಲಿಲ್ಲ. ಅಜ್ಜಿ ಹಲ್ಲು ಕಚ್ಚಿದಳು, ಬಿಟ್ಟಳು, ಮತ್ತೆ ಕಚ್ಚಿದಳು. ಬೈಯಲು ಸಿದ್ಧ ಮಾಡಿಕೊಂಡು ಬಂದಿದ್ದ ಮುಖ ಮೆಲ್ಲಗೆ ಸಡಿಲಾಯಿತು.

"ಕೂತಿದೆ," ಎಂದಳು. ಆಮೇಲೆ ಇವಳ ಕಡೆ ತಿರುಗದೆ, "ಬಂದರಿನವರ ಕೈಯಲ್ಲಿ ಕೆಲಸ ಇದೆ, ಸುಳ್ಳು ಯಾಕೆ ಹೇಳಲಿ" ಎಂದಳು. ಇಷ್ಟು ಹೇಳಿದ್ದೇ ದೊಡ್ಡ ಉಪಕಾರ ಎಂಬ ಧಾಟಿ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು, ಡಾಕ್ಟರಮ್ಮ ಆಚೆ ಹೋದರು.

"ಎಲ್ಲಿ ಒತ್ತುತ್ತೆ ಅಂತ ಆ ಮೂರು ಜನಕ್ಕೂ ತಿಳೀಲಿಲ್ಲ," ಎಂದಳು ಅಜ್ಜಿ. "ನಿನಗೆ ಹೇಗೆ ತಿಳೀತು?"

"ನನಗೂ ಅಲ್ಲೇ ಒತ್ತುತ್ತೆ," ಎಂದಳು ಅವಳು.

ಚೀಲದಿಂದ ಅಚ್ಚುಗಳನ್ನು ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು. ಹೇಳಬೇಕೆಂದು ಒಂಬತ್ತು ದಿನ ಉರುಹೊಡೆದದ್ದೆಲ್ಲ ಮರೆತುಹೋಗಿ, "ಒಂದು ನಿಮ್ಮದು, ಒಂದು ನಂದು. ಯಾವುದು ಯಾರದ್ದು ಹೇಳಿ" ಎಂದಷ್ಟೇ ಹೊರಗೆ ಬಂತು. ಅತ್ತೆ ಕುತ್ತಿಗೆ ಚಾಚಿ ನೋಡಿದಳು, ನೋಡಿ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ಅಜ್ಜಿ ಎರಡರ ಮೇಲೂ ಹೆಬ್ಬೆರಳು ಓಡಿಸಿದಳು. ಅವಸರವಿಲ್ಲದೆ ಓಡಿಸಿದಳು. ಆಮೇಲೆ ಎರಡನ್ನೂ ವಾಪಸು ಕೊಟ್ಟಳು.

"ಇದನ್ನ ತೋರಿಸೋಕೆ ಬಂದೆಯಾ?"

"ನೀವು ಕೇಳಿದ್ರಲ್ಲ, ಇದರಲ್ಲಿ ನನ್ನ ಮಗನದು ಏನಿದೆ ಅಂತ."

"ನನಗೆ ಗೊತ್ತಿಲ್ಲದೆ ಕೇಳಿದೆ ಅಂದ್ಕೊಂಡಿದ್ದೀಯಾ?" ಅಜ್ಜಿ ಹೊಸ ಹಲ್ಲಿನಲ್ಲಿ ಮಾತು ರೂಢಿಯಾಗದೆ ತಡೆತಡೆದು ಹೇಳಿದಳು. "ತೊಟ್ಟಿಲಲ್ಲಿ ನಿದ್ದೆ ಮಾಡ್ತಿದ್ದೆ. ಎಡಗಣ್ಣು ಅರ್ಧ ತೆರೆದೇ ಇತ್ತು. ನನ್ನ ಮಗ ಹಾಗೇ ಮಲಗ್ತಿದ್ದ, ಮದುವೆ ವಯಸ್ಸು ಬರೋವರೆಗೂ ಹಾಗೇ. ನೋಡಿದ ಗಳಿಗೆಗೇ ತಿಳೀತು."

ಮಲಗಿದಾಗ ತನ್ನ ಕಣ್ಣು ಹೇಗಿರುತ್ತದೆಂದು ಯಾರಿಗೆ ತಾನೇ ಗೊತ್ತು? ಹನ್ನೊಂದು ಕೋಣೆಗಳಲ್ಲಿ ಒಂಟಿಯಾಗಿ ಮಲಗಿದವಳಿಗೆ ಹೇಳುವವರು ಯಾರು? ಪ್ಲಾಸ್ಟರ್ ಅಚ್ಚುಗಳು ಕೈಯಲ್ಲಿ ಒಮ್ಮೆಲೇ ದಡ್ಡ ವಸ್ತುಗಳಾಗಿಬಿಟ್ಟವು.

"ಮತ್ತೆ ಯಾಕೆ ಹಾಗಂದ್ರಿ?"

"ಅವನ ಮಗಳಲ್ಲ ಅಂದ್ರೆ ತಪ್ಪು ನಿನ್ನಮ್ಮಂದು ಆಗುತ್ತೆ. ಅವನ ಮಗಳು ಹೌದು ಅಂದ್ರೆ ನಮ್ಮ ಮನೆದಾಗುತ್ತೆ. ನಾನು ಆ ಬೀದೀಲಿ ಬದುಕಬೇಕಿತ್ತು." ಅಜ್ಜಿ ಗಲ್ಲದಿಂದ ಅತ್ತೆಯ ಕಡೆ ತೋರಿಸಿದಳು. "ಇವಳಿಗೆ ಮದುವೆ ಆಗಬೇಕಿತ್ತು."

"ಆಗಲಿಲ್ಲ," ಎಂದಳು ಅತ್ತೆ. ಅಷ್ಟು ಹೊತ್ತಿಗೆ ಅವಳು ಆಡಿದ ಮಾತು ಅದೊಂದೇ.

ಕ್ಷಮಿಸು ಎಂಬ ಮಾತನ್ನು ಅಜ್ಜಿಯಿಂದ ಬಯಸಿದರೆ ಅದು ಬಯಸಿದವರ ತಪ್ಪು. ಅಜ್ಜಿ ನಾಲಿಗೆಯಿಂದ ಹೊಸ ಹಲ್ಲುಗಳನ್ನು ಒಂದು ಸುತ್ತು ತಡವಿ ನೋಡಿ, "ಇದನ್ನ ಹಾಕ್ಕೊಂಡೇ ಮಲಗಬಹುದಾ?" ಎಂದು ಕೇಳಿದಳು.

ಅವಳಿಗೆ ಅಚ್ಚನ್ನು ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಆದರೆ ಬಾಯಿ ತಾನಾಗಿಯೇ ಕಸುಬಿನ ಮಾತು ಆಡಿತು. "ಬೇಡ. ತೆಗೆದು ನೀರಲ್ಲಿಡಿ. ಮೊದಲ ವಾರ ಮೆತ್ತಗಿರೋದು ತಿನ್ನಿ. ಒತ್ತಿದ್ರೆ ಹೇಳಿಕಳಿಸಿ, ಉಜ್ಜಿ ಕೊಡ್ತೀನಿ." ಹೇಳಿ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು.

ಮೇಲುಬೀದಿಯನ್ನು ಅವಳು ಎಂದೂ ಅಷ್ಟು ಬೇಗ ದಾಟಿರಲಿಲ್ಲ. ಮೊದಲು ಸಿಟ್ಟು, ಆಮೇಲೆ ಬಂದರಿನ ಇಳಿಜಾರು ಹತ್ತಿರವಾಗುತ್ತಿದ್ದಂತೆ ಬೇರೇನೋ ಉಕ್ಕತೊಡಗಿತು. ಅಪ್ಪ ಅವಳ ಅಪ್ಪನೇ. ಪೇಟೆಯಲ್ಲಿ ಬಿಗಿಯಾಗಿ ಹಿಡಿದ ಆ ಕೈ ಅವಳದೇ. ನಗು ಬಂತು, ಅಳುವೂ ಬಂತು, ಎದುರಿಗೆ ಬಂದ ಸೈಕಲ್ಲಿನವನು ಬೈದು ಹೋದ. ಈ ಗೆಲುವನ್ನು ಅಮ್ಮನಿಗೆ ಮುಟ್ಟಿಸಬೇಕು. ಮೂವತ್ತೈದು ವರ್ಷ ಅಮ್ಮ ಹೊತ್ತ ಕೊಳಕು ಮಾತನ್ನು ಆಡಿದವಳ ಬಾಯಿಂದಲೇ ತೊಳೆಸಿ ಬಂದಿದ್ದಾಳೆ, ಸಣ್ಣ ಮಾತೇ?

ಅಮ್ಮ ಬಾಗಿಲ ಬೆಳಕಿಗೆ ಕೂತು ತಾಡಪಾಲಿನ ಅಂಚಿಗೆ ತೇಪೆ ಹಾಕುತ್ತಿದ್ದಳು. ಕಣ್ಣು ಮಂಜಾದರೂ ದಪ್ಪ ಹೊಲಿಗೆಯನ್ನು ಬೆರಳೇ ಮಾಡುತ್ತದೆ ಎನ್ನುತ್ತಿದ್ದಳು. ಅವಳು ಚಪ್ಪಲಿ ಬಿಡದೆ ಒಳಗೆ ಬಂದು, ನಿಂತುಕೊಂಡೇ, ಏದುಸಿರಿನಲ್ಲಿ ಎಲ್ಲ ಹೇಳಿದಳು. ಚೀಟಿ, ದಿಬ್ಬ, ಉಜ್ಜಿ ತೆಗೆದ ಹಲ್ಲು, ತೊಟ್ಟಿಲು, ಅರ್ಧ ತೆರೆದ ಕಣ್ಣು. ಹೇಳುತ್ತ ಎರಡು ಅಚ್ಚುಗಳನ್ನೂ ಅಮ್ಮನ ಕೈಗೆ ಕೊಟ್ಟಳು. ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ್ನು ತಡವಿ ನೋಡಿದಳು.

"ಒಪ್ಪಿಕೊಂಡಳಮ್ಮ. ಗೊತ್ತಿತ್ತಂತೆ. ಮೊದಲ ದಿನದಿಂದ ಗೊತ್ತಿತ್ತಂತೆ."

"ಗೊತ್ತಿರುತ್ತೆ. ನಿಮ್ಮಪ್ಪನ್ನ ಹೆತ್ತವಳಲ್ಲವಾ," ಎಂದಳು ಅಮ್ಮ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಅಚ್ಚುಗಳನ್ನು ಪಕ್ಕಕ್ಕಿಟ್ಟು, ಕೈಗೆ ಹತ್ತಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಮಗಳ ಮುಖ ಇರುವ ಕಡೆಗೆ ತಲೆಯೆತ್ತಿದಳು.

"ನಿಮ್ಮ ಅಜ್ಜಿಗೆ ಗೊತ್ತಿತ್ತು. ನಿಮ್ಮಪ್ಪನಿಗೆ ಗೊತ್ತಿತ್ತು. ನನಗೆ ಗೊತ್ತೇ ಇತ್ತು. ಮತ್ತೆ ಇಷ್ಟೆಲ್ಲ ಕಷ್ಟಪಟ್ಟು ನೀನು ಗೊತ್ತುಮಾಡಿಕೊಟ್ಟಿದ್ದು ಯಾರಿಗೆ?"

ಹೊರಗೆ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು. ಸುಳ್ಳು ಹೇಳಬಹುದಿತ್ತು, ಊರವರಿಗೆ ಎನ್ನಬಹುದಿತ್ತು. ಅಮ್ಮ ಕಾಯುತ್ತಿದ್ದಳು.

"ನನಗೆ," ಎಂದಳು.

ಅಮ್ಮ ತಲೆಯಾಡಿಸಿದಳು. ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಮಡಿಲಿನ ತಾಡಪಾಲನ್ನು ಎಳೆದುಕೊಂಡು ಹೊಲಿಗೆ ನಿಂತ ಜಾಗವನ್ನು ಬೆರಳಿನಿಂದ ಹುಡುಕಿದಳು.

"ಕೇಳಬಹುದಿತ್ತಲ್ಲ," ಎಂದಳು.

"ಕೇಳಿದ್ರೆ ನಿನಗೆ ನೋವಾಗ್ತಿತ್ತು."

"ಆಗ್ತಿತ್ತು. ಒಂದು ದಿನ ಅಳ್ತಿದ್ದೆ. ಮಾರನೇ ದಿನದಿಂದ ನೀನು ಮನೇಲೇ ಇರ್ತಿದ್ದೆ."